ಮೊದಲು ಪೇಪರ್ ಕೇಳಿದ್ನಾ, ಮೊದಲು ರೇಟ್ ಹೇಳಿದ್ನಾ? ಮನೆ ಮಾರಾಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಮನೆ ಮಾರಾಟದ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೆದು ಕಳ್ಸಿ ಅಂದಿದ್ದೆ. ಬಂದಿರೋ ಪತ್ರ, ಮೆಸೇಜ್ ಎಲ್ಲ ನೋಡಿದ್ರೆ ಮುಕ್ಕಾಲು ಪಾಲು ಒಂದೇ ವಿಷಯ: ಯಾವ ಏಜೆಂಟ್‌ನ ನಂಬೋದು, ಯಾರನ್ನ ಗೇಟ್ ಹತ್ರಾನೇ ವಾಪಸ್ ಕಳ್ಸೋದು ಅಂತ. ಹೆಸರು ವಿಳಾಸ ತೆಗೆದು, ಉದ್ದ ಇದ್ದಿದ್ದನ್ನ ಸ್ವಲ್ಪ ಕತ್ತರಿಸಿ ಹಾಕಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಾನು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಮೈಸೂರು ಕುವೆಂಪುನಗರದಲ್ಲಿ ತರ್ಟಿ ಫಾರ್ಟಿ ಸೈಟಲ್ಲಿ ಮನೆ ಇದೆ, ಕೆಳಗಿನದು 1994ರಲ್ಲಿ ಕಟ್ಟಿಸಿದ್ದು, 2006ರಲ್ಲಿ ಬಾಡಿಗೆಗೆ ಅಂತ ಮೇಲೊಂದು ಮನೆ ಎಬ್ಬಿಸಿದ್ವಿ. ಮಗಳು ಬೆಂಗಳೂರಿಗೆ ಬಂದ್ಬಿಡಿ ಅಂತಿದಾಳೆ. ಮೂರು ಜನ ಏಜೆಂಟ್ ಬಂದಿದ್ರು. ಒಬ್ಬ ಗಾಡಿಯಿಂದ ಇಳೀದೇನೇ ಮೇಲೆ ಕೆಳಗೆ ನೋಡಿ "ಒಂದು ಅರವತ್ತು ಆರಾಮಾಗಿ ಬರತ್ತೆ ಸಾರ್, ಬೇರೆ ಯಾರಿಗೂ ಹೇಳ್ಬೇಡಿ" ಅಂದ. ಇನ್ನೊಬ್ರು 1.40 ಕೋಟಿ ಅಂದ್ರು. ಮೂರನೆಯವ್ರು ರೇಟೇ ಹೇಳ್ದೆ ಕ್ರಯಪತ್ರ ಇದ್ಯಾ, ಇ-ಖಾತಾ (ಕಾರ್ಪೊರೇಷನ್ನಿನ ಆನ್‌ಲೈನ್ ಆಸ್ತಿ ದಾಖಲೆ) ಆಗಿದ್ಯಾ, ಮೇಲಿನ ಮನೆ ಪ್ಲಾನಲ್ಲಿ ಸೇರಿದ್ಯಾ ಅಂತೆಲ್ಲ ಕೇಳಿ ಹೋದ್ರು, ಎರಡು ದಿನ ಬಿಟ್ಟು ಫೋನ್ ಮಾಡಿ 1.25ರಿಂದ 1.35ರೊಳಗೆ ಅಂದ್ರು. ನಮ್ಮನೆಯವ್ರಿಗೆ ಮೂರನೆಯವ್ರ ಮೇಲೆ ಕೋಪ, ಇವ್ನು ಕೊಳ್ಳೋರ ಕಡೆಯವ್ನೇ ಇರ್ಬೇಕು ಅಂತಿದಾರೆ. ಏನು ಮಾಡೋದು?

ಉತ್ತರ: ಮೇಷ್ಟ್ರೇ, ಅಮ್ಮನೋರು ಬೈದ್ರೂ ಪರ್ವಾಗಿಲ್ಲ, ನಾನು ಮೂರನೆಯವ್ರ ಕಡೆ. ಮೊದಲನೆಯವ್ನ ಆಟ ಹಳೇದು. ಎಲ್ಲರಿಗಿಂತ ಜಾಸ್ತಿ ರೇಟ್ ಹೇಳಿ ಮನೇನ ತನ್ನ ಕೈಗೆ ತಗೋತಾನೆ, ನೀವು ಬೇರೆಯವ್ರನ್ನೆಲ್ಲ ಬೇಡ ಅಂತೀರಾ, ಒಂದೂವರೆ ತಿಂಗಳು ಯಾರೂ ಬರಲ್ಲ, ಆಮೇಲೆ "ಮಾರ್ಕೆಟ್ ಡಲ್ ಆಗಿದೆ ಸಾರ್" ಅಂತ ಶುರು ಮಾಡಿ 1.50, 1.40 ಅಂತ ಇಳಿಸ್ತಾ ಇಳಿಸ್ತಾ ಕೊನೆಗೆ 1.20ಕ್ಕೆ ಒಂದು ಪಾರ್ಟಿ ಕರ್ಕೊಂಡ್ ಬರ್ತಾನೆ, ಅಷ್ಟೊತ್ತಿಗೆ ನಿಮಗೂ ಸಾಕಾಗಿರತ್ತೆ. ಒಳಗೆ ಬಂದು ಒಂದು ರೂಮೂ ನೋಡ್ದೆ ಇರೋನಿಗೆ ರೇಟ್ ಎಲ್ಲಿಂದ ಗೊತ್ತಾಗ್ಬೇಕು ಹೇಳಿ.

ಮೂರನೆಯವ್ರು ಕೇಳಿದ ಪ್ರಶ್ನೆ ಇದ್ಯಲ್ಲ, ಮೇಲಿನ ಮನೆ ಪ್ಲಾನಲ್ಲಿ ಸೇರಿದ್ಯಾ ಅಂತ, ಅದರಲ್ಲೇ ಅವ್ರ ಕಸುಬು ಗೊತ್ತಾಗತ್ತೆ. ಕುವೆಂಪುನಗರದಲ್ಲಿ ಕೋಟಿ ಮೇಲಿನ ಮನೆ ತಗೊಳ್ಳೋರು ಸಾಮಾನ್ಯವಾಗಿ ಬ್ಯಾಂಕ್ ಲೋನ್ ಮೇಲೇ ತಗೊಳ್ಳೋದು. ಬ್ಯಾಂಕಿನವ್ರು ಲಾಯರ್ ಕೈಲಿ ಲೀಗಲ್ ನೋಡಿಸ್ತಾರೆ, ಇಂಜಿನಿಯರ್ ಕಳ್ಸಿ ವ್ಯಾಲ್ಯುಯೇಷನ್ ಮಾಡಿಸ್ತಾರೆ. 2006ರ ಮಹಡಿಗೆ ಪ್ಲಾನ್ ಸ್ಯಾಂಕ್ಷನ್ ಇಲ್ಲ ಅಂದ್ರೆ ಆ ಇಂಜಿನಿಯರ್ ಅದನ್ನ ಲೆಕ್ಕಕ್ಕೇ ತಗೊಳ್ದೇ ಇರ್ಬೋದು, ಲೋನ್ ಕಮ್ಮಿ ಆಗತ್ತೆ, ಪಾರ್ಟಿ ಕೊನೇ ಗಳಿಗೇಲಿ ರೇಟ್ ಇಳಿಸಿ ಅಂತಾರೆ, ಇಲ್ಲಾ ಅಡ್ವಾನ್ಸ್ ವಾಪಸ್ ಕೊಡಿ ಅಂತ ಕೂರ್ತಾರೆ. ಅವ್ರು 1.25 ಅಂತ ಕೆಳಗಡೆ ಹೇಳಿದ್ದು ಅದನ್ನ ಯೋಚ್ನೆ ಮಾಡೇ ಇರ್ಬೇಕು. ಪ್ಲಾನ್ ಇದ್ರೆ ಹುಡುಕಿ ತೆಗೀರಿ, 1.35ರ ಕಡೆ ಮಾತಾಡೋಕೆ ನಿಮಗೂ ಬಲ ಬರತ್ತೆ.

ಹಾಗಂತ ಅವ್ರನ್ನೂ ಸುಮ್ನೆ ನಂಬ್ಬಿಡಿ ಅಂತ ನಾನು ಹೇಳಲ್ಲ. ಕಳೆದ ವರ್ಷ ನಿಮ್ಮ ಏರಿಯಾದಲ್ಲೇ ಯಾರ ಮನೆ ಮಾರಿಸಿದ್ರಿ, ಅವ್ರ ಫೋನ್ ನಂಬರ್ ಕೊಡ್ತೀರಾ ಅಂತ ಕೇಳಿ, ಕೊಂಡವ್ರದ್ದಲ್ಲ, ಮಾರಿದವ್ರದ್ದು. ಕೊಂಡವ್ರಿಗೆ ಹೊಸ ಮನೆ ಖುಷೀಲಿ ಎಲ್ಲ ಚೆನ್ನಾಗೇ ಕಾಣ್ತಿರತ್ತೆ, ಮಾರಿದವ್ರಿಗಾದ್ರೆ ದುಡ್ಡು ಯಾವತ್ತು ಬಂತು, ಮಾತಾಡಿದ್ದಕ್ಕೂ ಕೈಗೆ ಬಂದಿದ್ದಕ್ಕೂ ಎಷ್ಟು ವ್ಯತ್ಯಾಸ ಆಯ್ತು ಅಂತ ಚೆನ್ನಾಗಿ ನೆನಪಿರತ್ತೆ. ಎರಡು ಕಡೆಯಿಂದಾನೂ ಕಮಿಷನ್ ತಗೋತೀರಾ ಅಂತ ನೇರವಾಗಿ ಕೇಳಿ. ನಮ್ಮ ಕಡೆ ಎರಡೂ ಕಡೆ ತಗೊಳ್ಳೋದು ರೂಢೀಲಿರೋದೇ, ಒಂದೊಂದು ಕಡೆಯಿಂದ ಒಂದು ಪರ್ಸೆಂಟ್, ಕೆಲವ್ರು ಎರಡು ಕೇಳ್ತಾರೆ. ಅದು ತಪ್ಪಲ್ಲ, ಮುಚ್ಚಿಡೋದು ತಪ್ಪು. ಹೌದು ತಗೋತೀನಿ ಅಂತ ಮುಖ ನೋಡಿ ಹೇಳಿದ್ರೆ ಒಳ್ಳೇದು, "ಅಯ್ಯೋ ಅದೆಲ್ಲ ಆಮೇಲೆ ನೋಡೋಣ ಬಿಡಿ ಸಾರ್" ಅಂದ್ರೆ ಹುಷಾರು.

ಮಾತಾಡಿದ್ದನ್ನ ಒಂದು ಹಾಳೇಲಿ ಬರೆಸ್ಕೊಳ್ಳಿ. ದೊಡ್ಡ ಕರಾರೇನೂ ಬೇಡ. ಯಾವ ಮನೆ, ನೀವು ಕೇಳೋ ರೇಟು, ಕಮಿಷನ್ ಎಷ್ಟು, ಜಿಎಸ್‌ಟಿ ಅದರೊಳಗೇ ಸೇರಿದ್ಯಾ ಮೇಲಿಂದಾನಾ (ಅವ್ರಿಗೆ ಜಿಎಸ್‌ಟಿ ನಂಬರ್ ಇದ್ರೆ ಕಮಿಷನ್ ಮೇಲೆ 18 ಪರ್ಸೆಂಟ್ ಬೀಳತ್ತೆ, ಲಕ್ಷಗಟ್ಟಲೆ ಕಮಿಷನ್ನಿಗೆ ಅದೇನು ಚಿಲ್ಲರೆ ಅಲ್ಲ), ದುಡ್ಡು ಕೊಡೋದು ರಿಜಿಸ್ಟ್ರೇಷನ್ ದಿನಾನೇ ಹೊರತು ಟೋಕನ್ ಬಂದ ದಿನ ಅಲ್ಲ, ಮೂರು ತಿಂಗಳಾದ್ಮೇಲೆ ಇಬ್ರೂ ಬಿಡುಗಡೆ, ಅಡ್ವಾನ್ಸು ಅವ್ರ ಅಕೌಂಟಿಗೆ ಬರೋ ಹಾಗಿಲ್ಲ, ಇಷ್ಟು ಸಾಕು. ಸೈನ್ ಹಾಕಿ ಅಂದ್ರೆ "ನಂಬಿಕೆ ಇಲ್ವಾ ಸಾರ್ ನನ್ಮೇಲೆ" ಅಂತ ಸೆಂಟಿಮೆಂಟ್ ತೆಗ್ಯೋನನ್ನ ಕಾಫಿ ಕೊಟ್ಟು ಕಳ್ಸಿ.

ಒರಿಜಿನಲ್ ಪೇಪರ್ ಯಾರ ಕೈಗೂ ಕೊಡ್ಬೇಡಿ, ಬ್ಯಾಂಕ್ ಲಾಯರ್ ನೋಡ್ಬೇಕು ಅಂದ್ರೆ ನೀವೇ ಹಿಡ್ಕೊಂಡು ಹೋಗಿ ತೋರಿಸಿ ವಾಪಸ್ ತನ್ನಿ. ಜೆರಾಕ್ಸ್ ಕೊಡುವಾಗ ಅಡ್ಡಕ್ಕೆ ಪೆನ್ನಲ್ಲಿ "ಮಾರಾಟದ ಪರಿಶೀಲನೆಗೆ ಮಾತ್ರ" ಅಂತ ಬರೆದು ತಾರೀಖು ಹಾಕಿ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಟ್ಕೊಳ್ಳಿ, ರಿಜಿಸ್ಟ್ರೇಷನ್ ಪತ್ರದಲ್ಲಿರೋ ಹೆಬ್ಬೆಟ್ಟಿನ ಗುರುತು ಬಳಸಿ ಜನರ ಅಕೌಂಟಿಂದ ದುಡ್ಡು ಎಳೆದ ಕೇಸ್‌ಗಳು 2023ರಲ್ಲಿ ಬೆಂಗಳೂರಲ್ಲಿ ಸುದ್ದಿಯಾಗಿದ್ವು.

ರೇಟ್ ಬಗ್ಗೆ ಇನ್ನೊಂದು ಮಾತು. ಏಜೆಂಟ್ ಹೇಳೋ ಮುಂಚೆ ನಿಮಗೇ ಒಂದು ಅಂದಾಜಿರ್ಲಿ. ರಿಜಿಸ್ಟ್ರೇಷನ್ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ನಿಮ್ಮ ರೋಡಿನ ಗೈಡೆನ್ಸ್ ವ್ಯಾಲ್ಯೂ (ಸರ್ಕಾರ ಗೊತ್ತು ಮಾಡಿರೋ ಬೆಲೆ) ಸಿಗತ್ತೆ, ಅದು ಮಾರ್ಕೆಟ್ ರೇಟ್ ಅಲ್ಲ, ಆದ್ರೆ ಅದಕ್ಕಿಂತ ಕೆಳಗೆ ಹೋಗ್ಬಾರ್ದು ಅನ್ನೋ ಒಂದು ನೆಲ. ಅಕ್ಕಪಕ್ಕ ಇತ್ತೀಚೆಗೆ ಮಾರಾಟ ಆದ ಮನೆ ಇದ್ರೆ ಅವ್ರನ್ನೇ ಕೇಳಿ, ಇಲ್ಲಾಂದ್ರೆ ಬ್ಯಾಂಕ್ ಪ್ಯಾನೆಲ್ಲಲ್ಲಿರೋ ವ್ಯಾಲ್ಯುಯರ್ ಒಬ್ರಿಗೆ ಫೀಸ್ ಕೊಟ್ಟು ರಿಪೋರ್ಟ್ ಬರೆಸಿ. ಪೋರ್ಟಲ್‌ಗಳಲ್ಲಿ ಕಾಣೋದು ಕೇಳ್ತಿರೋ ರೇಟು, ಸಿಕ್ಕಿದ ರೇಟಲ್ಲ.

ಇ-ಖಾತಾ ಇನ್ನೂ ಮಾಡಿಸಿಲ್ಲ ಅಂದ್ರೆ ಏಜೆಂಟ್ ವಿಷಯ ಪಕ್ಕಕ್ಕಿಡಿ, ಮೊದಲು ಕಾರ್ಪೊರೇಷನ್ ಕೆಲಸ. 2024ರ ಅಕ್ಟೋಬರಿಂದ ಅದಿಲ್ದೇ ರಿಜಿಸ್ಟ್ರೇಷನ್ ಆಗಲ್ಲ. ಖಾತಾದಲ್ಲಿರೋ ಹೆಸರು, ಕ್ರಯಪತ್ರದ ಹೆಸರು, ಆಧಾರ್ ಹೆಸರು ಮೂರೂ ಒಂದೇ ತರ ಇದ್ಯಾ ನೋಡ್ಕೊಳ್ಳಿ, ಇನಿಶಿಯಲ್ ಹಿಂದೆ ಮುಂದೆ ಆಗಿರೋದಕ್ಕೇ ಎಷ್ಟೋ ಜನ ಅಲೆದಿದಾರೆ. ಇಸಿ (ಆಸ್ತಿ ಮೇಲೆ ಸಾಲ, ಋಣ ಇದ್ಯಾ ಅಂತ ತೋರಿಸೋ ಪತ್ರ) ತೆಗೆದು ನೋಡಿ. ಕ್ರಯಪತ್ರದ ಚಕ್ಕುಬಂದಿ ಓದಿ, ಪೂರ್ವಕ್ಕೆ ಸೈಟ್ ನಂಬರ್ ಇಂಥದ್ದು ಅಂತ ಬರೆದಿರೋ ಕಡೆ ಈಗ ಏನಿದೆ, ಅಳತೆ ಸರಿ ಬರತ್ತಾ ಅಂತ.

ಕೊನೇದಾಗಿ ಟ್ಯಾಕ್ಸು. ದುಡ್ಡಲ್ಲಿ ಮಗಳ ಹೆಸರಲ್ಲೇ ಫ್ಲಾಟ್ ತಗೋತೀವಿ ಅಂತ ಬರೆದಿದ್ರಿ (ಪತ್ರದಲ್ಲಿ ಆ ಭಾಗ ಕತ್ತರಿಸಿದೀನಿ). ಹಾಗೆ ಮಾಡೋ ಮುಂಚೆ ಸಿಎ ಹತ್ರ ಹೋಗಿ. ಮನೆ ಮಾರಿದ ಲಾಭವನ್ನ ಇನ್ನೊಂದು ಮನೆಗೆ ಹಾಕಿದ್ರೆ ಟ್ಯಾಕ್ಸ್ ಉಳಿಯತ್ತೆ, ಮಾರಿ ಎರಡು ವರ್ಷದೊಳಗೆ ಕೊಳ್ಬೇಕು ಅಥವಾ ಮೂರು ವರ್ಷದೊಳಗೆ ಕಟ್ಟಿಸ್ಬೇಕು, ಆದ್ರೆ ಹೊಸ ಮನೆ ನಿಮ್ಮ ಹೆಸರಲ್ಲಿದ್ರೇನೇ ತಕರಾರು ಬರಲ್ಲ. ಮಗಳಿಗೆ ಕೊಡೋದಿದ್ರೆ ವಿಲ್ ಬರೆದಿಡಿ. ಮನೆ ಬೇಡ ಅಂದ್ರೆ ಆರು ತಿಂಗಳೊಳಗೆ 50 ಲಕ್ಷದವರೆಗೆ ಸರ್ಕಾರಿ ಬಾಂಡಲ್ಲಿ ಹಾಕ್ಬೋದು, ಐದು ವರ್ಷ ತೆಗ್ಯೋ ಹಾಗಿಲ್ಲ. ನಿಮ್ಮದು 2001ಕ್ಕಿಂತ ಹಳೇ ಆಸ್ತಿ, ಹಾಗಾಗಿ ಕೆಳಗಿನ ಮನೆ ಮತ್ತೆ ಸೈಟಿಗೆ ನೀವು ಅವತ್ತು ಕೊಟ್ಟ ದುಡ್ಡಿನ ಬದಲು 2001ರ ಏಪ್ರಿಲ್ 1ರ ಬೆಲೆ ಹಿಡೀಬೋದು, ಇಂಡೆಕ್ಸೇಷನ್ (ಹಣದುಬ್ಬರಕ್ಕೆ ತಕ್ಕಂತೆ ಹಳೇ ಬೆಲೆ ಏರಿಸೋದು) ಹಾಕಿ 20 ಪರ್ಸೆಂಟೋ ಇಲ್ಲದೆ 12.5 ಪರ್ಸೆಂಟೋ ಯಾವುದು ಕಮ್ಮಿ ಬರತ್ತೋ ಸಿಎ ಲೆಕ್ಕ ಹಾಕಿ ಹೇಳ್ತಾರೆ. 50 ಲಕ್ಷ ದಾಟೋದ್ರಿಂದ ಕೊಳ್ಳೋರು ಒಂದು ಪರ್ಸೆಂಟ್ ಟಿಡಿಎಸ್ (ಮುಂಚೇನೇ ಕತ್ತರಿಸೋ ಟ್ಯಾಕ್ಸ್) ಹಿಡ್ಕೊಂಡೇ ಕೊಡ್ತಾರೆ, ಗಾಬರಿ ಬೇಡ, ಅದು ನಿಮ್ಮ ಪ್ಯಾನ್‌ಗೆ ಜಮಾ ಆಗತ್ತೆ.

ಪ್ರಶ್ನೆ: ಮೇಡಂ ನಮಸ್ಕಾರ್ರೀ. ಹುಬ್ಬಳ್ಳಿ ವಿದ್ಯಾನಗರದಾಗ ನಮ್ಮ ಅಪ್ಪಾರು ಕಟ್ಟಿಸಿದ ಮನಿ ಐತಿ, ನನ್ನ ಹೆಸರಿಗೇ ಐತ್ರಿ. ಒಬ್ಬ ಏಜೆಂಟ್ ಬಂದು "ನಿಮ್ಮ ಕೈಗೆ ಎಷ್ಟು ಬರಬೇಕು ಅಷ್ಟು ಹೇಳ್ರಿ, ಮ್ಯಾಲ ಎಷ್ಟ್ ಬಂತೋ ಅದು ನಂದು, ಕಮಿಷನ್ ಒಂದ್ ರೂಪಾಯಿ ಕೊಡಬ್ಯಾಡ್ರಿ" ಅಂತಾನ. ನಮ್ಮ ಮನಿಯಾಕಿ ಇದು ಚಲೋ ಐತಿ ಅಂತಾಳ. ನನಗ್ಯಾಕೋ ಮನಸ್ಸು ಒಪ್ಪವಲ್ದು.

ಉತ್ತರ: ನಿಮ್ಮ ಮನಸ್ಸು ಸರಿಯಾಗೇ ಹೇಳ್ತಿದೆ ರೀ. ಇದಕ್ಕೆ ಬೆಂಗಳೂರು ಕಡೆ ನೆಟ್ ರೇಟ್ ಅಂತಾರೆ. ಕೇಳೋಕೆ ಬಹಳ ಹಗುರ ಅನ್ಸತ್ತೆ. ನೀವು 70 ಲಕ್ಷ ಅಂದ್ರಿ ಅಂತ ಇಟ್ಕೊಳ್ಳಿ, ಅವ್ನು 80ಕ್ಕೆ ಮಾರ್ದ. ಈಗ ಕ್ರಯಪತ್ರದಲ್ಲಿ ಎಷ್ಟು ಬರೀತೀರಿ? 80 ಅಂತ ಬರೆದ್ರೆ ಕೈಗೆ ಬಂದಿದ್ದು 70, ಟ್ಯಾಕ್ಸ್ ಲೆಕ್ಕ 80ರ ಮೇಲೆ. 70 ಅಂತ ಬರೆದ್ರೆ ಮೇಲಿನ ಹತ್ತು ಲಕ್ಷ ಲೆಕ್ಕಕ್ಕಿಲ್ಲದ ಕ್ಯಾಶು, ಅದರಲ್ಲಿ ನೀವೂ ಪಾಲುದಾರರ ತರಾನೇ ಕಾಣ್ತೀರಿ. ಕಮಿಷನ್ ಕೊಡಬ್ಯಾಡ್ರಿ ಅಂದವ್ನು ಹನ್ನೆರಡು ಪರ್ಸೆಂಟ್‌ಗಿಂತ ಜಾಸ್ತಿ ತಗೊಂಡು ಹೋದ.

ನಮ್ಮ ಕಾಂಟ್ರ್ಯಾಕ್ಟ್ ಆ್ಯಕ್ಟ್ ಇದ್ಯಲ್ಲ, 1872ರದ್ದು, ಅದರಲ್ಲಿ ಏಜೆಂಟ್ ಆದವ್ನು ಮಾಲೀಕರಿಗೆ ಹೇಳ್ದೆ ಆ ವ್ಯವಹಾರದಲ್ಲಿ ತನ್ನ ಸ್ವಂತ ಲಾಭ ಮಾಡ್ಕೊಂಡ್ರೆ ಆ ಲಾಭಾನ ಮಾಲೀಕರು ಕೇಳಿ ತಗೋಬೋದು ಅಂತಿದೆ. ಆದ್ರೆ "ಮ್ಯಾಲ ಬಂದಿದ್ದು ನಿಂದು" ಅಂತ ನೀವೇ ಒಪ್ಕೊಂಡ್ಮೇಲೆ ಏನಂತ ಕೇಳ್ತೀರಿ?

ಇಂಥವ್ರ ಮುಂದಿನ ಹೆಜ್ಜೆ ಇನ್ನೂ ಕೆಟ್ಟದು. "ಒಂದ್ ಅಗ್ರಿಮೆಂಟ್ ಮಾಡ್ಕೊಳ್ಳೋಣ್ರಿ, ಸುಮ್ನ ನಮ್ಮ ಸೇಫ್ಟಿಗೆ" ಅಂತ ಬರ್ತಾರೆ. ಒಂದೋ ಎರಡೋ ಲಕ್ಷ ಅಡ್ವಾನ್ಸ್ ಕೊಟ್ಟು, ಹನ್ನೊಂದು ತಿಂಗಳು ಟೈಮ್ ಹಾಕಿ, ತಾನೇ ಖರೀದಿದಾರ ಅಂತ ಸೈನ್ ಹಾಕ್ತಾನೆ. ಆ ಅಗ್ರಿಮೆಂಟನ್ನ ಎರಡ್ಸಲ ಓದಿ, "ಖರೀದಿದಾರರಿಗೆ ಅಥವಾ ಅವರು ಸೂಚಿಸುವ ವ್ಯಕ್ತಿಗಳಿಗೆ ಕ್ರಯಪತ್ರ ಮಾಡಿಕೊಡತಕ್ಕದ್ದು" ಅಂತ ಒಂದು ಸಾಲು ಇದ್ದೇ ಇರತ್ತೆ. ಆ ಸಾಲಿನ ಮೇಲೇ ಅವ್ನ ಧಂದೆ ನಡಿಯೋದು. ಹನ್ನೊಂದು ತಿಂಗಳು ನಿಮ್ಮ ಮನೇನ ಊರೆಲ್ಲ ತೋರಿಸ್ತಾನೆ, ಪಾರ್ಟಿ ಸಿಕ್ರೆ ಲಾಭ ಅವ್ನಿಗೆ, ಸಿಗ್ಲಿಲ್ಲ ಅಂದ್ರೆ ನೀವು ಇನ್ನೊಬ್ರಿಗೆ ಮಾರೋಕೂ ಆಗಲ್ಲ, ಮಾರಿದ್ರೆ ಕೋರ್ಟಿಂದ ಸ್ಟೇ ತರ್ತೀನಿ ಅಂತ ಹೆದರಿಸ್ತಾನೆ. ಮನೆಯವ್ರಿಗೆ ಈ 70-80ರ ಲೆಕ್ಕ ಹಾಳೆ ಮೇಲೆ ಬರೆದು ತೋರ್ಸಿ. ಒಂದು ಪರ್ಸೆಂಟ್ ಕಮಿಷನ್ ಕೊಡ್ತೀನಿ, ಮಾರಾಟದ ಪೂರ್ತಿ ಮೊತ್ತ ಚೆಕ್ಕಲ್ಲೇ ನನ್ನ ಅಕೌಂಟಿಗೆ ಬರ್ಬೇಕು ಅಂತ ಆ ಏಜೆಂಟಿಗೆ ಹೇಳಿ ನೋಡಿ. ಒಪ್ಪಿದ್ರೆ ಮುಂದೆ ಮಾತಾಡಿ.

ಪ್ರಶ್ನೆ: ಏಜೆಂಟ್ ಹತ್ರ ರೇರಾ ನಂಬರ್ ಇರ್ಲೇಬೇಕಾ? ಇಲ್ದೇ ಇದ್ರೆ ಮೋಸಗಾರ ಅಂತ ಅರ್ಥಾನಾ? (ಬೆಂಗಳೂರು)

ಉತ್ತರ: ರೇರಾ ಅಂದ್ರೆ ಬಿಲ್ಡರ್, ಏಜೆಂಟ್‌ಗಳ ಮೇಲೆ ಕಣ್ಣಿಡೋ ಸರ್ಕಾರಿ ಪ್ರಾಧಿಕಾರ. ಅದರಲ್ಲಿ ರಿಜಿಸ್ಟರ್ ಆಗಿರೋ ಪ್ರಾಜೆಕ್ಟಿನ ಫ್ಲಾಟು, ಸೈಟು ಮಾರಿಸೋಕೆ ಏಜೆಂಟಿಗೂ ರಿಜಿಸ್ಟ್ರೇಷನ್ ಕಡ್ಡಾಯ. ಮೂವತ್ತು ವರ್ಷದ ಹಳೇ ಸ್ವಂತ ಮನೆ ಮಾರಿಸೋಕೆ ಕಾನೂನು ಅದನ್ನ ಕೇಳಲ್ಲ, ಹಾಗಾಗಿ ನಿಮ್ಮ ಬಡಾವಣೇಲಿ ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ಕೊಂಡಿರೋ ಅಂಗಡಿಯವ್ರ ಹತ್ರ ನಂಬರ್ ಇಲ್ದೇ ಇರ್ಬೋದು. ಇದ್ರೆ ಒಳ್ಳೇದೇ, ಮೋಸ ಆದ್ರೆ ಹಿಡಿಯೋಕೊಂದು ಜುಟ್ಟು ಸಿಕ್ತು. ವಿಸಿಟಿಂಗ್ ಕಾರ್ಡಲ್ಲಿ ನಂಬರ್ ಹಾಕಿರೋರದ್ದನ್ನ ಕರ್ನಾಟಕ ರೇರಾ ವೆಬ್‌ಸೈಟಲ್ಲಿ ಟೈಪ್ ಮಾಡಿ ನೋಡಿ, ಬೇರೆಯವ್ರ ನಂಬರ್ರೋ, ಅವಧಿ ಮುಗಿದಿರೋದೋ ಆಗಿದ್ರೆ ಅಲ್ಲೇ ಗೊತ್ತಾಗತ್ತೆ. ನಂಬರ್ ಇಲ್ಲದವ್ರಿಗಿಂತ ಸುಳ್ಳು ನಂಬರ್ ಹಾಕ್ಕೊಂಡವ್ರು ಡೇಂಜರ್.

ಪ್ರಶ್ನೆ: ಅಕ್ಕಾ, ನಮ್ಮ ತಂದೆ 2019ರಲ್ಲಿ ತೀರ್ಕೊಂಡ್ರು, ವಿಲ್ ಬರೆದಿಲ್ಲ. ರಾಜಾಜಿನಗರದ ಮನೆ ಅವ್ರು ಸ್ವಂತ ದುಡಿಮೇಲಿ ಮಾಡಿದ್ದು. ಅಮ್ಮ, ಅಣ್ಣ, ನಾನು, ನನ್ನ ತಂಗಿ ಇದೀವಿ. ಅಣ್ಣ ಒಬ್ಬ ಏಜೆಂಟ್‌ನ ಕರ್ಕೊಂಡು ಬಂದಿದಾನೆ. ಅವ್ನು "ಇದು ಪಿತ್ರಾರ್ಜಿತ ಅಲ್ಲ, ಹೆಣ್ಮಕ್ಕಳ ಸೈನ್ ಅಷ್ಟೊಂದು ಬೇಕಾಗಲ್ಲ, ಸುಮ್ನೆ ಫಾರ್ಮಾಲಿಟಿಗೆ ಒಂದು ರಿಲೀಸ್ ಡೀಡ್‌ಗೆ ಸೈನ್ ಹಾಕಿ" ಅಂತಾನೆ. ಅಣ್ಣನ ಜೊತೆ ಜಗಳ ಇಷ್ಟ ಇಲ್ಲ.

ಉತ್ತರ: ತಾಯಿ, ರಿಲೀಸ್ ಡೀಡ್ ಅನ್ನೋದು ಫಾರ್ಮಾಲಿಟಿ ಅಲ್ಲ, ಅದೇ ನಿಮ್ಮ ಪಾಲು ಬಿಟ್ಟುಕೊಡೋ ಪತ್ರ. ರಿಜಿಸ್ಟರ್ ಆದ್ಮೇಲೆ ಆ ಮನೇಲಿ ನಿಮ್ಮದೇನೂ ಉಳಿಯಲ್ಲ. ಏಜೆಂಟ್ ಹೇಳಿದ್ದು ಪೂರ್ತಿ ಉಲ್ಟಾ. ತಂದೆಯ ಸ್ವಯಾರ್ಜಿತ ಆಸ್ತಿ, ವಿಲ್ ಇಲ್ಲ ಅಂದ್ರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಎಲ್ಲರಿಗೂ ಸಮ, ನಿಮ್ಮ ಅಜ್ಜಿ, ಅಂದ್ರೆ ತಂದೆಯ ತಾಯಿ ಆಗ ಬದುಕಿದ್ರೆ ಅವ್ರಿಗೂ. ಅಜ್ಜಿ ಇರ್ಲಿಲ್ಲ ಅಂದ್ರೆ ನಾಲ್ಕು ಜನಕ್ಕೆ ಕಾಲು ಕಾಲು ಭಾಗ. ಮದ್ವೆ ಆಗಿದ್ಯೋ ಇಲ್ವೋ, ವರದಕ್ಷಿಣೆ ಕೊಟ್ಟಿದಾರೋ ಇಲ್ವೋ, ಯಾವುದೂ ಲೆಕ್ಕಕ್ಕಿಲ್ಲ. ಪಿತ್ರಾರ್ಜಿತ ಆಗಿದ್ರೂ ಹೆಣ್ಮಕ್ಕಳಿಗೆ ಹಕ್ಕಿತ್ತು, 2005ರ ತಿದ್ದುಪಡಿ ಆಯ್ತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಇನ್ನೂ ಸ್ಪಷ್ಟ ಮಾಡಿ ಹೇಳ್ತು.

ಜಗಳ ಬೇಡ ಅಂದ್ರೆ ಸುಲಭದ ದಾರಿ ಇದೆ. ನಾಲ್ಕೂ ಜನ ಸೇರಿ ಖಾತಾ ಮಾಡಿಸ್ಕೊಳ್ಳಿ, ನಾಲ್ಕೂ ಜನ ಮಾರಾಟಗಾರರಾಗಿ ಕ್ರಯಪತ್ರಕ್ಕೆ ಸೈನ್ ಹಾಕಿ, ಕೊಳ್ಳೋರು ನಾಲ್ಕು ಡಿಡಿ ತರ್ಲಿ, ಒಬ್ಬೊಬ್ರ ಹೆಸರಿಗೆ ಒಂದೊಂದು. ಇದರಲ್ಲಿ ಅಣ್ಣನಿಗೆ ಬೇಜಾರಾಗೋ ವಿಷಯ ಏನೂ ಇಲ್ಲ. ಹೆಂಗಿದ್ರೂ ಕೊಳ್ಳೋರ ಬ್ಯಾಂಕ್ ಲಾಯರ್ ವಂಶವೃಕ್ಷ ಕೇಳೇ ಕೇಳ್ತಾರೆ, ಅದರಲ್ಲಿ ನಿಮ್ಮಿಬ್ರ ಹೆಸರು ನೋಡಿದ ತಕ್ಷಣ ಸೈನ್ ಎಲ್ಲಿ ಅಂತಾರೆ. ನಿಮ್ಮ ಪಾಲನ್ನ ಅಮ್ಮನಿಗೆ ಪ್ರೀತಿಯಿಂದ ಬಿಟ್ಟುಕೊಡ್ತೀನಿ ಅಂದ್ರೆ ಅದು ನಿಮ್ಮಿಷ್ಟ, ಗೊತ್ತಿದ್ದು ಬಿಡಿ, ಏಜೆಂಟ್ ಮಾತಿಗೆ ಬಿಡ್ಬೇಡಿ. ಅಣ್ಣ ಕರ್ಕೊಂಡು ಬಂದ ಏಜೆಂಟು ಅಣ್ಣನಿಗೆ ಕೆಲಸ ಮಾಡ್ತಿದಾನೆ, ನಿಮಗಲ್ಲ.

ಪ್ರಶ್ನೆ: ನಾನು ದುಬೈಯಲ್ಲಿದೀನಿ. ಬೆಂಗಳೂರಿನ ಫ್ಲಾಟ್ ಮಾರೋಕೆ ಏಜೆಂಟ್ ಜಿಪಿಎ (ನನ್ನ ಪರವಾಗಿ ಮಾರೋ ಅಧಿಕಾರ ಪತ್ರ) ಕಳ್ಸಿ, ನೀವು ಬರೋದೇ ಬೇಡ, ಟಿಡಿಎಸ್ ಒಂದೇ ಪರ್ಸೆಂಟು ಅಂತಿದಾರೆ. ಒಳ್ಳೆ ಮನುಷ್ಯ, ಬಾಡಿಗೆದಾರರನ್ನೂ ಅವ್ರೇ ಹುಡುಕಿಕೊಟ್ಟಿದ್ರು.

ಉತ್ತರ: ಬಾಡಿಗೆದಾರರನ್ನ ಹುಡುಕೋಕೂ ಆಸ್ತಿ ಮಾರೋ ಅಧಿಕಾರ ಕೊಡೋಕೂ ಅಜಗಜಾಂತರ ಸ್ವಾಮಿ. ಏಜೆಂಟ್ ಹೆಸರಿಗೆ ಜಿಪಿಎ ಬೇಡ್ವೇ ಬೇಡ. ಕೊಡ್ಲೇಬೇಕು ಅಂದ್ರೆ ಅಪ್ಪ ಅಮ್ಮ, ಒಡಹುಟ್ಟಿದವ್ರು, ಇಂಥವ್ರಿಗೆ, ಅದೂ ಆ ಒಂದು ಫ್ಲಾಟಿಗೆ ಮಾತ್ರ, ಏನೇನು ಮಾಡ್ಬೋದು ಅಂತ ಬಿಡಿಸಿ ಬರೆದು, ದುಡ್ಡು ನಿಮ್ಮ ಎನ್‌ಆರ್‌ಓ ಅಕೌಂಟಿಗೇ (ಹೊರದೇಶದಲ್ಲಿರೋರು ಇಲ್ಲಿನ ಆದಾಯಕ್ಕೆ ಇಟ್ಕೊಳ್ಳೋ ಖಾತೆ) ಬರ್ಬೇಕು ಅಂತ ಸೇರಿಸಿ. ಅಲ್ಲಿನ ಇಂಡಿಯನ್ ಕಾನ್ಸುಲೇಟಲ್ಲಿ ಅಟೆಸ್ಟ್ ಮಾಡಿಸಿ, ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸ್ಬೇಕು.

ಟಿಡಿಎಸ್ ಬಗ್ಗೆ ಅವ್ರು ಹೇಳಿದ್ದು ತಪ್ಪು. ಒಂದು ಪರ್ಸೆಂಟ್ ಇಲ್ಲೇ ಇರೋ ಮಾರಾಟಗಾರರಿಗೆ. ನೀವು ಎನ್‌ಆರ್‌ಐ ಆಗಿರೋದ್ರಿಂದ, ಎರಡು ವರ್ಷಕ್ಕಿಂತ ಹಳೇ ಆಸ್ತಿ ಅಂದ್ರೆ 12.5 ಪರ್ಸೆಂಟು, ಅದರ ಮೇಲೆ ಸರ್‌ಚಾರ್ಜು ಸೆಸ್ಸು. ಲಾಭ ಎಷ್ಟೇ ಕಮ್ಮಿ ಇದ್ರೂ ಕೊಳ್ಳೋರಲ್ಲಿ ಹೆಚ್ಚಿನವ್ರು ಪೂರ್ತಿ ಬೆಲೆ ಮೇಲೇ ಹಿಡಿದುಬಿಡ್ತಾರೆ, ಯಾಕಂದ್ರೆ ಕಮ್ಮಿ ಹಿಡಿದ್ರೆ ಇಲಾಖೆ ಅವ್ರನ್ನೇ ಕೇಳೋದು. ಅದಕ್ಕೇ ಅಗ್ರಿಮೆಂಟ್ ಆದ ಕೂಡ್ಲೇ ಇನ್‌ಕಮ್ ಟ್ಯಾಕ್ಸಲ್ಲಿ ಕಮ್ಮಿ ಟಿಡಿಎಸ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿ, ಅದು ಕೈಗೆ ಬಂದ್ಮೇಲೆ ರಿಜಿಸ್ಟ್ರೇಷನ್ ಇಟ್ಕೊಳ್ಳಿ. ಇಂಡೆಕ್ಸೇಷನ್ ಹಾಕಿ 20 ಪರ್ಸೆಂಟ್ ಆರಿಸ್ಕೊಳ್ಳೋ ಅವಕಾಶಾನೂ ಎನ್‌ಆರ್‌ಐಗಳಿಗಿಲ್ಲ. ಒಳ್ಳೆ ಮನುಷ್ಯ ಆಗಿರ್ಬೋದು, ಎನ್‌ಆರ್‌ಐ ಮಾರಾಟ ಮಾಡಿಸಿ ಅಭ್ಯಾಸ ಇಲ್ಲ ಅನ್ನೋದಂತೂ ಖಾತ್ರಿ.

ಪ್ರಶ್ನೆ: ತುಮಕೂರಿಂದ. ಏಜೆಂಟ್ ಅರ್ಧ ವೈಟು ಅರ್ಧ ಬ್ಲ್ಯಾಕು ಮಾಡೋಣ, ಎಲ್ಲರೂ ಮಾಡೋದೇ ಅಂತಿದಾನೆ.

ಉತ್ತರ: ಎಲ್ಲರೂ ಮಾಡ್ತಾರೆ, ಸಿಕ್ಕಿಹಾಕ್ಕೊಂಡಾಗ ಮಾತ್ರ ಒಬ್ಬೊಬ್ರೇ ಹೋಗೋದು. ಆಸ್ತಿ ಮಾರಾಟಕ್ಕೆ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಳ್ಳೋ ಹಾಗೇ ಇಲ್ಲ, ತಗೊಂಡ್ರೆ ಎಷ್ಟು ತಗೊಂಡ್ರೋ ಅಷ್ಟೇ ದಂಡ, ಅದೂ ತಗೊಂಡವ್ರಿಗೆ, ಅಂದ್ರೆ ನಿಮಗೆ. ಪತ್ರದಲ್ಲಿ ಗೈಡೆನ್ಸ್ ವ್ಯಾಲ್ಯೂಗಿಂತ ತೀರಾ ಕೆಳಗೆ ತೋರಿಸಿದ್ರೂ ಹತ್ತು ಪರ್ಸೆಂಟಿಗಿಂತ ವ್ಯತ್ಯಾಸ ಇದ್ರೆ ಗೈಡೆನ್ಸ್ ಮೇಲೇ ಟ್ಯಾಕ್ಸ್ ಹಾಕ್ತಾರೆ. ಕೊಳ್ಳೋರಿಗೆ ಬ್ಲ್ಯಾಕ್ ಬೇಕು ಯಾಕಂದ್ರೆ ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಉಳಿಯತ್ತೆ. 2025ರ ಆಗಸ್ಟ್ ಕೊನೆಯಿಂದ ರಿಜಿಸ್ಟ್ರೇಷನ್ ಫೀಸು ಒಂದರಿಂದ ಎರಡು ಪರ್ಸೆಂಟ್ ಆದ್ಮೇಲಂತೂ ಈ ಒತ್ತಾಯ ಜಾಸ್ತಿಯಾಗಿದೆ. ಉಳಿತಾಯ ಅವ್ರದ್ದು, ದಂಡದ ಭಯ ನಿಮ್ಮದು. ಬೇಡ ಅನ್ನಿ.

ಪ್ರಶ್ನೆ: ದಾವಣಗೆರೆಯ ನಮ್ಮ ಮನೆ ಮೇಲೆ ಇನ್ನೂ 18 ಲಕ್ಷ ಲೋನ್ ಇದೆ. ಏಜೆಂಟು "ನಮ್ಮ ಫೈನಾನ್ಸ್‌ನವ್ರ ಕೈಲಿ ಲೋನ್ ತೀರಿಸಿಬಿಡ್ತೀನಿ, ಪೇಪರ್ ನನ್ನ ಹತ್ರ ಇರ್ಲಿ" ಅಂತಾನೆ.

ಉತ್ತರ: ಬಡ್ಡಿ ಫೈನಾನ್ಸ್ ಸಹವಾಸ ಯಾಕಣ್ಣ. ನಿಮ್ಮ ಬ್ಯಾಂಕಿಗೆ ಹೋಗಿ ಎರಡು ಕಾಗದ ತಗೊಳ್ಳಿ, ಇವತ್ತಿಗೆ ಎಷ್ಟು ಕಟ್ಟಿದ್ರೆ ಲೋನ್ ಕ್ಲೋಸ್ ಆಗತ್ತೆ ಅನ್ನೋ ಪತ್ರ, ಮತ್ತೆ ಅವ್ರ ಹತ್ರ ಇರೋ ಒರಿಜಿನಲ್‌ಗಳ ಲಿಸ್ಟು. ಕೊಳ್ಳೋರಿಗೆ ಇವೆರಡನ್ನ ತೋರ್ಸಿ, ಅವ್ರ ಬ್ಯಾಂಕು ಅಷ್ಟು ದುಡ್ಡನ್ನ ನೇರವಾಗಿ ನಿಮ್ಮ ಲೋನ್ ಅಕೌಂಟಿಗೆ ಹಾಕತ್ತೆ, ಉಳಿದಿದ್ದು ನಿಮಗೆ. ದಿನಾ ನಡಿಯೋ ವ್ಯವಹಾರ ಇದು. ಲೋನ್ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಒರಿಜಿನಲ್ ವಾಪಸ್ ಕೊಡ್ಬೇಕು, ಅವ್ರ ಕಡೆಯಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ನಿಮಗೇ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲೇ ಆರ್ಡರ್ ಮಾಡಿದೆ. ಈ ದಾರಿ ಗೊತ್ತಿಲ್ಲದ ಏಜೆಂಟ್ ಇಲ್ಲ. ಗೊತ್ತಿದ್ದೂ ಹೇಳ್ಲಿಲ್ಲ ಅಂದ್ರೆ ಯಾಕೆ ಅಂತ ನೀವೇ ಊಹಿಸಿ.

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮ ಮನೆ ನೋಡೋಕೆ ಏಜೆಂಟ್ ಒಂದು ಪಾರ್ಟಿ ಕರ್ಕೊಂಡು ಬಂದಿದ್ರು, ಆಗ ರೇಟ್ ಕೂಡಿಬರ್ಲಿಲ್ಲ. ಎರಡು ತಿಂಗಳಾದ್ಮೇಲೆ ಅದೇ ಪಾರ್ಟಿ ನೇರವಾಗಿ ನಮಗೇ ಫೋನ್ ಮಾಡಿದಾರೆ, ಏಜೆಂಟ್ ಬೇಡ, ಕಮಿಷನ್ ದುಡ್ಡಲ್ಲಿ ಇಬ್ರೂ ಅರ್ಧ ಅರ್ಧ ಹಂಚ್ಕೊಳ್ಳೋಣ ಅಂತಾರೆ. ಏಜೆಂಟ್ ಹತ್ರ ಬರವಣಿಗೆ ಏನೂ ಇಲ್ಲ. ಕೊಡ್ಬೇಕಾ?

ಉತ್ತರ: ಬೇರೆ ಮಾತು ಆಗಿಲ್ಲದಿದ್ರೆ ಏಜೆಂಟಿನ ಕಮಿಷನ್ ಕೆಲಸ ಮುಗಿದ್ಮೇಲೇ ಬಾಕಿಯಾಗೋದು, ಹಾಗಾಗಿ ಆಗ ಮುರಿದುಬಿದ್ದಿದ್ದಕ್ಕೆ ಏನೂ ಕೊಡ್ಬೇಕಾಗಿಲ್ಲ. ಆದ್ರೆ ಈಗ ಅದೇ ಪಾರ್ಟಿಗೇ ಮಾರ್ತಿದೀರಲ್ಲ, ಅವ್ರನ್ನ ನಿಮ್ಮ ಬಾಗಿಲಿಗೆ ತಂದಿದ್ದು ಯಾರು? ಕೊಡಿ. ಬೇಕಿದ್ರೆ ಚೌಕಾಸಿ ಮಾಡಿ ಸ್ವಲ್ಪ ಕಮ್ಮಿ ಕೊಡಿ, ಅವ್ರೂ ಒಪ್ತಾರೆ. ಊರು ಚಿಕ್ಕದು, ಕೋರ್ಟಿಗೆ ಹೋಗದೇ ಇದ್ರೂ ಅಗ್ರಿಮೆಂಟ್ ಆದ ಮಾರನೇ ದಿನ ಅವ್ರಿಗೆ ಗೊತ್ತಾಗತ್ತೆ, ಮನೆ ಮುಂದೆ ಬಂದು ಕೂಗಾಡಿದ್ರೆ ಪಾರ್ಟಿ ಹೆದರಿ ಓಡೋದು ಗ್ಯಾರಂಟಿ. ಇನ್ನೊಂದು, ಏಜೆಂಟಿಗೆ ಟೋಪಿ ಹಾಕೋಣ ಅಂತ ಶುರು ಮಾಡೋ ಪಾರ್ಟಿ ರಿಜಿಸ್ಟ್ರೇಷನ್ ದಿನ ನಿಮಗೇನು ಹಾಕ್ತಾರೋ ನೋಡ್ಕೊಳ್ಳಿ.

ಪ್ರಶ್ನೆ: ಆಷಾಢದಲ್ಲಿ ಯಾರೂ ಮನೆ ಕೊಳ್ಳಲ್ಲ, ಈಗ ಬಂದ ರೇಟಿಗೆ ಕೊಟ್ಬಿಡಿ ಅಂತ ಏಜೆಂಟ್ ಅವಸರ ಮಾಡ್ತಿದಾರೆ. ನಿಜಾನಾ? (ಹಾಸನ)

ಉತ್ತರ: ಆಷಾಢದಲ್ಲಿ ಅಡ್ವಾನ್ಸ್ ಕೊಡೋರು, ರಿಜಿಸ್ಟ್ರೇಷನ್‌ಗೆ ಬರೋರು ಕಮ್ಮಿ ಅನ್ನೋದು ನಿಜ. ಅದಕ್ಕೆ ರೇಟ್ ಯಾಕೆ ಬಿಡ್ಬೇಕು, ಆ ತಿಂಗಳಲ್ಲಿ ಇಸಿ ತೆಗೆಸಿ, ಕಂದಾಯ ಬಾಕಿ ಇದ್ರೆ ಕಟ್ಟಿ, ಇ-ಖಾತಾದಲ್ಲಿ ಹೆಸರು ತಿದ್ದಿಸೋದಿದ್ರೆ ಅರ್ಜಿ ಕೊಡಿ. ಶ್ರಾವಣದಲ್ಲಿ ಎಂಥ ಪಾರ್ಟಿ ಬರ್ತಾರೆ ನೋಡಿ ಆಮೇಲೆ ಮಾತಾಡಿ. ಸಾಲದ ಒತ್ತಡ, ಆಸ್ಪತ್ರೆ ಖರ್ಚು ಅಂತ ನಿಮಗೇ ಅವಸರ ಇದ್ರೆ ಬೇರೆ ವಿಷಯ, ಆಗ್ಲೂ ಆ ಅವಸರಾನ ಏಜೆಂಟ್ ಮುಂದೆ ಹೇಳ್ಕೋಬೇಡಿ.

ಬಿ ಖಾತಾ, ಗ್ರಾಮಠಾಣಾ, ರೆವಿನ್ಯೂ ಸೈಟ್ ಬಗ್ಗೆ ಬಂದಿರೋ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟಿದೀನಿ. ಲೀಸಿಗೆ ಹಾಕಿರೋ ಮನೆ ಮಾರೋ ಬಗ್ಗೆ ಕೇಳಿದ್ದ ಮಂಡ್ಯದವ್ರು ಲೀಸ್ ಅಗ್ರಿಮೆಂಟಿನ ಜೆರಾಕ್ಸ್ ಕಳ್ಸಿ, ಅದು ನೋಡ್ದೆ ಏನೂ ಹೇಳೋಕಾಗಲ್ಲ.